ಬ್ಯಾಂಕಾಕ್ ದರ್ಬಾರಿನ ಹಸಿರು ಸಾರು

ಲಿಂಬೆಯ ವಾಸನೆ, ಇಲ್ಲ, ಲಿಂಬೆಯಲ್ಲ, ನೆಲ ಒರೆಸಿದ ಫಿನಾಯಿಲು, ಈಗಷ್ಟೇ ಒರೆಸಿದ್ದಾರೆ, ಹುಷಾರಾಗಿ ಕಾಲಿಡಬೇಕು, ಆದರೂ ಅಳಿಯ ಯಂಕಣ್ಣ ಮೂಗರಳಿಸಿ ಕೇಳಿಯೇಬಿಟ್ಟ, ಮಾವಾರ, ನೀವು ಹೇಳ್ತಿದ್ರಲ್ಲ ಲಿಂಬಿ ವಾಸನಿ ಹುಲ್ಲು, ಅದ ಅಲ್ಲೇನ್ರಿ ಇದು, ಮರಿಲಿಂಗಪ್ಪ ತಲೆಯಾಡಿಸಿದ, ಹೌದು, ಅದೇ — ಹದಿನಾಲ್ಕು ವರ್ಷದಿಂದ ಹೀಗೆ ಆಡುತ್ತ ಬಂದ ತಲೆ, ಇವತ್ತು ನಿಲ್ಲು ಅಂದರೆ ನಿಲ್ಲುತ್ತದೆಯೇ. ಯಾದಗಿರಿಯಲ್ಲಿ ಥಾಯ್ ಹೋಟೆಲು ತೆರೆದೀತೆಂದು ಯಾವನು ಕನಸು ಕಂಡಿದ್ದ, ಮೊನ್ನೆಮೊನ್ನೆಯವರೆಗೆ ಮದುವೆಗೆ ಕುರ್ಚಿ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ ಮಳಿಗೆ, ಈಗ ಬ್ಯಾಂಕಾಕ್ ದರ್ಬಾರ್ ಅಂತೆ, ಗೋಡೆಗೆ ಪ್ಲಾಸ್ಟಿಕ್ ಬಿದಿರು, ಗಲ್ಲಾದ ಹಿಂದೆ ಬಂಗಾರ ಬಣ್ಣದ ಆನೆ. ತಾನು ರಿಟೈರಾಗಿ ತಿಂಗಳಾಯಿತು, ಅದರ ಊಟ ಅಂದರೆ ಅಲ್ಲೇ ಎಂದು ಅಳಿಯನ ಹಟ, ಥಾಯ್ಲೆಂಡ್ ನೋಡಿ ಬಂದವರನ್ನ ಬ್ಯಾರೆ ಎಲ್ಲಿಗೆ ಕರ್ಕೊಂಡು ಹೋಗೂದ್ರಿ, ಮಗಳು ದೇವಕಮ್ಮನೂ ಅದೇ ಹಾಡು, ಹೆಂಡತಿ ಸುಂದ್ರಮ್ಮ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ತೆಗೆದು ಉಟ್ಟು ಬಂದು ಎದುರಿಗೆ ಕುಳಿತಿದ್ದಾಳೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೆಟ್ಟಗೆ. ಮೆನು ಕಾರ್ಡು ನೇರ ಮರಿಲಿಂಗಪ್ಪನ ಕೈಗೆ ಬಂತು, ಆರ್ಡರ್ ನೀವ ಮಾಡ್ರಿ ಮಾವಾರ, ನಮಗೇನು ತಿಳೀತದ, ಹೌದು, ನಿನಗೇನೂ ತಿಳಿಯದು ಯಂಕಣ್ಣ, ನನಗೂ ತಿಳಿಯದು, ಈ ಹೆಸರುಗಳಲ್ಲಿ ಒಂದನ್ನೂ ನಾನು ತಿಂದವನಲ್ಲ — ಬೆರಳು ಎಲ್ಲಿ ಬಿತ್ತೋ ಅಲ್ಲೇ ಒತ್ತಿ ತೋರಿಸಿದ, ಇದು, ಇದು, ಇದೊಂದು. ಬಾಗಿಲು ಅಲ್ಲೇ ಇದೆ, ಹತ್ತು ಹೆಜ್ಜೆ, ಆದರೆ ಮೇಜು ಗೋಡೆಗೆ ತಾಗಿದೆ, ಈ ಕಡೆ ಅಳಿಯ, ಆ ಕಡೆ ಮಗಳು, ಮುಂದೆ ಸುಂದ್ರಮ್ಮ.

ಶಹಾಪುರದ ನಾಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಎಷ್ಟು ಚೆನ್ನಾಗಿತ್ತು, ನಾಲೆಗೆ ನೀರು ಬಿಡುವ ತಾರೀಖು ಕೇಳಲು ಬಂದ ರೈತರಿಗೆ ಮೊದಲು ಥಾಯ್ಲೆಂಡ್ ಕಥೆ ಕೇಳಿಸಿ ಆಮೇಲೆ ತಾರೀಖು ಹೇಳುತ್ತಿದ್ದ, ಪಾಪದವರು, ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು, ಅವರ್ಯಾರೂ ತಿನ್ನಿಸಿ ತೋರಿಸು ಅನ್ನಲಿಲ್ಲ. ಬಂತು ಊಟ. ಹಸಿರು ಸಾರು, ಮೇಲೆ ಒಡೆದ ತೆಂಗಿನ ಹಾಲು, ತಲೆಗೆ ಹಚ್ಚುವ ಎಣ್ಣೆಯನ್ನು ಪಾತ್ರೆಗೆ ಸುರಿದಿದ್ದಾರೇನೋ, ಶಾವಿಗೆಯಂಥದ್ದಕ್ಕೆ ಸಕ್ಕರೆ ಹಾಕಿದ್ದಾರೆ, ಹುಣಸಗಿಯ ಕಡೆ ನಾಲೆ ನೀರಿನಲ್ಲಿ ಭತ್ತ ಬೆಳೆಯುವ ಯಂಕಣ್ಣ ಅನ್ನವನ್ನು ಚಮಚದಿಂದ ಎತ್ತಿ ತಿರುಗಿಸಿ ನೋಡಿದ, ಮುದ್ದಿ ಆಗ್ಯಾದಲ್ರಿ ಮಾವಾರ, ನಮ್ಮನ್ಯಾಗ ಹಿಂಗಾದ್ರ ದನಕ್ಕ ಹಾಕ್ತೀವಿ, ಅಲ್ಲೂ ಹಿಂಗ ತಿಂತಾರೇನ್ರಿ, ಮತ್ತೆ ತಲೆಯಾಡಿತು. ಆಮೇಲೆ ಆ ವಾಸನೆ, ಸಾರಿನ ಅಡಿಯಿಂದ ಎದ್ದದ್ದು, ಮೀನು ಕೊಳೆಸಿದ ನೀರು — ಸುಳ್ಳು ಬಿದಿರು, ಸುಳ್ಳು ಆನೆ, ಇದೊಂದೇ ಖರೇ, ಇದನ್ನು ಅವನ ಹೊಟ್ಟೆ ಮರೆತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಕಲಬುರಗಿಯ ಬುದ್ಧ ವಿಹಾರದವರೊಂದಿಗೆ ಥಾಯ್ಲೆಂಡಿಗೆ ಹೊರಟ ಯಾತ್ರೆ, ಎಂಟು ದಿನ, ಮೊದಲ ರಾತ್ರಿಯೇ ದೊಡ್ಡ ಊಟ, ಬಟ್ಟಲು ಮುಂದೆ ಬಂದದ್ದಷ್ಟೇ ನೆನಪು, ಅಲ್ಲೇ, ಎಲ್ಲರೆದುರಿಗೆ, ಮೇಜಿನ ಮೇಲೆ ವಾಂತಿ ಮಾಡಿದ, ಬಡಿಸಲು ಬಂದಿದ್ದ ಮುದುಕಿ ತನ್ನ ಸೆರಗಿನಂಥ ಬಟ್ಟೆಯಿಂದಲೇ ಒರೆಸಿದಳು, ನಾಚಿಕೆ, ಥೂ, ಈಗಲೂ ಕಿವಿ ಬಿಸಿಯಾಗುತ್ತದೆ. ಮರುದಿನದಿಂದ ಊಟದ ಹೊತ್ತಿಗೆ ಹೊಟ್ಟೆನೋವೆಂದು ಕೋಣೆ ಸೇರಿದ. ಚೀಲದ ತಳದಲ್ಲಿ ಹಳೆ ಧೋತರದ ತುಂಡು, ಅದರೊಳಗೆ ಸಜ್ಜೆ ರೊಟ್ಟಿ, ಒಣಗಿಸಿದ ಕಟಕ ರೊಟ್ಟಿ, ಎಳ್ಳು ಹಚ್ಚಿದ್ದು, ಒಂದು ಡಬ್ಬಿ ಶೇಂಗಾ ಹಿಂಡಿಯ ಚಟ್ನಿಪುಡಿ, ಸುಂದ್ರಮ್ಮ ಬಚ್ಚಿಟ್ಟು ಕಳಿಸಿದ್ದು, ಬಚ್ಚಿಡದೆ ಏನು ಮಾಡಿಯಾಳು, ಹೊರಡುವ ದಿನ ಅವನು ಜಗಳ ತೆಗೆದಿದ್ದನಲ್ಲ, ನಾ ಏನು ಇಲ್ಲೇ ದೇವಾಪುರಕ್ಕ ಹೊಂಟೀನೇನು ಬುತ್ತಿ ಕಟ್ಟಾಕ, ವಿಮಾನದಾಗ ಮಂದಿ ನಗ್ತಾರ. ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಕೇಳದಂತೆ ರೊಟ್ಟಿಯನ್ನು ನೀರಿಗೆ ಅದ್ದಿಕೊಂಡು ತಿಂದ, ಉಳಿದ ದಿನವೆಲ್ಲ ಅದೇ, ಕೊನೆಯ ದಿನ ಧೋತರ ಕೊಡವಿ ಪುಡಿಯನ್ನೂ ನೆಕ್ಕಿದ. ಊರಿಗೆ ಬಂದಾಗ ಓಣಿಯವರೆಲ್ಲ ಕೂತಿದ್ದರು, ಅವನು ಹಸಿರು ಸಾರು, ಲಿಂಬೆಹುಲ್ಲು ಅಂತ ಶುರು ಮಾಡಿಯಾಗಿತ್ತು, ಅದೇ ಹೊತ್ತಿಗೆ ಸುಂದ್ರಮ್ಮ ಖಾಲಿ ಚೀಲ ಹಿಡಿದು ಬಾಗಿಲಿಗೆ ಬಂದಳು, ರೊಟ್ಟಿ ಏನ್ ಮಾಡಿದ್ರಿ, ಅವನಂದ — ಯಾಕಂದೆ, ಯಾಕಂದೆ — ಏರ್‌ಪೋರ್ಟಿನ ಕಸದ ಡಬ್ಬಿಗೆ ಒಗದೆ. ಮಂದಿ ನಕ್ಕರು. ಅವಳೂ ನಕ್ಕಳು. ಖರೇ ಏನೆಂದು ಅವಳಿಗೆ ನಾಳೆ ಹೇಳಿದರಾಯಿತು ಅಂದುಕೊಂಡ, ನಾಳೆ, ಹಬ್ಬ ಮುಗಿಯಲಿ, ಮಗಳ ಮದುವೆ ಮುಗಿಯಲಿ. ಅದಾದ ಮೇಲೆ ಅವನು ಯಾವ ಊರಿಗೆ ಹೊರಟರೂ ಅವಳು ಬುತ್ತಿ ಕಟ್ಟಲಿಲ್ಲ, ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದ, ಹೊರಗ ಏನರ ಚೊಲೋದು ತಿನ್ರಿ ಅನ್ನುತ್ತಿದ್ದಳು.

ಸುಂದ್ರಮ್ಮ ಒಂದು ಚಮಚ ಬಾಯಿಗಿಟ್ಟಳು, ನುಂಗಿದಳು, ಕಣ್ಣಲ್ಲಿ ನೀರು ಬಂತು, ಚಮಚ ಕೆಳಗಿಟ್ಟಳು, ಬಿಟ್ಟಳು, ಸದ್ಯ, ಬಿಟ್ಟಳಲ್ಲ, ಇನ್ನು ಬಿಲ್ಲು ತರಿಸಿ ಎದ್ದರಾಯಿತು ಎನ್ನುವಷ್ಟರಲ್ಲಿ ಹೋಟೆಲಿನ ಮಾಲಕ ಫಕ್ರುದ್ದೀನ ಕೈಕಟ್ಟಿಕೊಂಡು ಬಂದು ಮೇಜಿನ ಪಕ್ಕದಲ್ಲಿ ನಿಂತ, ಯಂಕಣ್ಣನದೇ ಕೆಲಸ, ಹೋಗಿ ಹೇಳಿ ಬಂದಿದ್ದಾನೆ, ಸಾಹೇಬ್ರ, ಅಡಗಿ ಮಾಡಾಂವ ಹೈದರಾಬಾದಿನಾಂವ, ಆದ್ರ ಅಲ್ಲಿಗೇ ಹೋಗಿ ತಿಂದು ಬಂದವರು ನಮ್ಮ ಜಿಲ್ಲಾದಾಗ ನೀವೊಬ್ರ ನೋಡ್ರಿ, ಖರೇ ಹೇಳ್ರಿ, ಅಲ್ಲೂ ಹಿಂಗ ಇತ್ತೇನ್ರಿ. ಖರೇ ಹೇಳು ಮರಿಲಿಂಗಪ್ಪ. ಹಿಂಗಿರಲಿಲ್ಲ, ಅಲ್ಲಿನದು ಅಮೃತ ಅಂದರೆ ಅವಳ ರೊಟ್ಟಿಯನ್ನು ಇನ್ನೊಮ್ಮೆ ಒಗೆದಂತೆ, ಹಿಂಗೇ ಇತ್ತು ಅಂದರೆ ಈ ಹೊಲಸಿಗಾಗಿ ಒಗೆದಂತೆ, ತಿಂದೇ ಇಲ್ಲ ಅಂದರೆ — ಅಳಿಯನ ಮುಖ, ಮಗಳ ಮುಖ, ಶಹಾಪುರದ ಅಷ್ಟೂ ಮುಖಗಳು, ಸುಂದ್ರಮ್ಮ ತಲೆಯೆತ್ತಿ ನೋಡುತ್ತಿದ್ದಾಳೆ, ಅವಳೂ ಕಾಯುತ್ತಿದ್ದಾಳೆ. ಬರೋಬ್ಬರಿ ಹಿಂಗ ಇತ್ತು, ಅಂದ. ಫಕ್ರುದ್ದೀನ ಎದೆಗೆ ಕೈಯಿಟ್ಟು ಶುಕ್ರಿಯಾ ಅಂದು ಹೋದ.

ಹಂಗಾದ್ರ ತಿಂತೀನಿ ಬಿಡ್ರಿ, ಸುಂದ್ರಮ್ಮ ಅಂದಳು. ಮೆಲ್ಲಗೆ, ಕುಟುಕುವುದಕ್ಕಲ್ಲ. ನಂದು ಒಗದು ಇದನ್ನ ಉಂಡ್ರಲ್ಲ, ರುಚಿ ಏನದ ತಿಳೀಲಿ. ಚಮಚ ತೆಗೆದುಕೊಂಡಳು. ಬಟ್ಟಲನ್ನು ಹತ್ತಿರ ಎಳೆದಳು. ದೇವಕಮ್ಮ ಅಂದಳು, ಅವ್ವಾ, ಬಿಡು, ಬಾಯಿಗೆ ಹತ್ತದಿದ್ರ ಬಿಡು, ತಡಿ ಮಗಳ, ರುಚಿ ಇನ್ನಾ ತಿಳಿವಲ್ದು, ಅನ್ನುತ್ತ ಸುಂದ್ರಮ್ಮನದು ಇನ್ನೊಂದು ಚಮಚ, ನುಂಗುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಇನ್ನೊಂದು. ನಿನ್ನ ರೊಟ್ಟಿನೇ ತಿಂದೆ ಸುಂದ್ರಾ, ಅಷ್ಟೇ ಮಾತು, ನಾಲ್ಕು ಶಬ್ದ, ಬಾಯಿ ತೆರೆದ, ಸುಂದ್ರಾ ಅಂದ, ಏನ್ರಿ ಅಂದಳು, ತಲೆಯೆತ್ತಲಿಲ್ಲ, ಅವನು — ನೀರು ಕುಡಿ, ಅಂದ. ನೀರು ಕುಡಿ ಅಂದನಲ್ಲ, ಅಯ್ಯೋ, ನೀರು ಕುಡಿ. ಹೂಂ ಅಂದಳು, ಕುಡಿಯಲಿಲ್ಲ, ಚಮಚ ಬಟ್ಟಲಿಗಿಳಿಯಿತು, ಹಸಿರು ತುಂಬಿಕೊಂಡು ಮೇಲೆ ಬಂತು, ಅವಳ ಬಾಯಿ ತೆರೆಯಿತು, ಮುಚ್ಚಿತು, ಚಮಚ ಇಳಿಯಿತು, ಅವನ ಕೈ ಮೇಜಿನ ಮೇಲೇ ಇದೆ, ಚಮಚ ಮೇಲೆ ಬಂತು, ಇನ್ನಾ ತಿಳಿವಲ್ದ್ರಿ, ಇಳಿಯಿತು, ಚಮಚ ಮೇಲೆ ಬರುತ್ತಿದೆ, ಚಮಚ