ಬಲಗಾಲಿಟ್ಟ ದೋಣಿ

ಕೋಡಿಯ ಹೊಳೆ ದಂಡೆಯಲ್ಲಿ ಶೈಲೇಶನ ಎರಡು ಹಳೇ ಇಂಜಿನ್ ದೋಣಿಗಳು ಮಾರಾಟಕ್ಕಿದ್ದವು. ಒಂದೇ ವರ್ಷ ಕಟ್ಟಿಸಿದ್ದು, ಒಂದೇ ನೀಲಿ ಬಣ್ಣ, ಇಂಜಿನ್ನೂ ಒಂದೇ ಕಂಪನಿಯದು. ಇಪ್ಪತ್ತೆರಡು ವರ್ಷ ಕಂಡವರ ದೋಣಿಯಲ್ಲಿ ಬಲೆ ಎಳೆದ ಬೀಜಾಡಿಯ ಶೀನ ಇವತ್ತು ತನ್ನದೆಂಬ ಒಂದನ್ನು ಆರಿಸಬೇಕಿತ್ತು.

ಅವನ ಹೆಂಡತಿ ರತ್ನಳಿಗೆ ಮಾತ್ರ ಬೆಳಗಿನಿಂದ ಒಂದೇ ಚಿಂತೆ. ಶೀನನಿಗೆ ಹೆಸರು ಬಂದದ್ದೇ ಕಿವಿಯಿಂದ. ಯಾರು ಹಳೇ ಇಂಜಿನ್ ಕೊಳ್ಳುವುದಿದ್ದರೂ ಅವನನ್ನು ಕರೆಯಬೇಕು; ಅವನು ಕೇಳಿ, ಇಂಥಲ್ಲಿ ಸವೆದಿದೆ ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಆ ಕಿವಿ ಮಂದವಾಗಿ ಆರು ತಿಂಗಳಾಗಿತ್ತು. ಎಡಗಿವಿ ಪೂರಾ ಹೋದದ್ದನ್ನು ಕಂಡುಕೊಂಡವಳು ರತ್ನ ಒಬ್ಬಳೇ. ಅಂದಿನಿಂದ ತುಟಿಪಿಟಕ್ಕೆನ್ನದೆ ಅವನ ಬಲಕ್ಕೇ ನಡೆಯುತ್ತಿದ್ದಳು ಪುಣ್ಯಾತ್ಗಿತ್ತಿ! ತನಗೆ ಗೊತ್ತಾದದ್ದು ಗಂಡನಿಗೆ ತಿಳಿದಿಲ್ಲವೆಂದು ಅವಳ ನಂಬಿಕೆ.

ಇಬ್ಬರೂ ಎರಡು ದೋಣಿಗಳನ್ನೂ ಹತ್ತಿ ಇಳಿದರು. ಶೈಲೇಶ ಇಂಜಿನ್ ಹಾಕಿ ತೋರಿಸಿದ. ಮೊದಲನೆಯದು ಒಂದೇ ಸಮ ಗುರುಗುಟ್ಟಿತು. ಎರಡನೆಯದರೊಳಗೆ ನಡುನಡುವೆ ಟಕ್ ಟಕ್ ಎಂದು ಏನೋ ಬಡಿದುಕೊಳ್ಳುತ್ತಿತ್ತು. ಕೋಟೇಶ್ವರದಲ್ಲಿ ಮೀನು ಮಾರುವ ರತ್ನಳಿಗೇ ಅದು ಕೇಳಿಸಿತು. ಶೀನ ಬಗ್ಗಿ, ಕಣ್ಣು ಮುಚ್ಚಿ, ದೊಡ್ಡ ಮನುಷ್ಯನ ಹಾಗೆ ತಲೆದೂಗಿದ.

"ಇದ್ ಅಡ್ಡಿಲ್ಲೆ. ಇದ್ನೇ ತಕಂಬ."

ದಂಡೆಯಲ್ಲಿ ಬಲೆ ಸರಿ ಮಾಡುತ್ತಿದ್ದ ಮುದುಕ ಕುಷ್ಟ ತಲೆ ಎತ್ತಿ ಶೀನನನ್ನೇ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ರತ್ನ ಮುಂದೆ ಬಂದಳು.

"ಹ್ವಾಯ್, ಅದ್ ಬ್ಯಾಡ! ಅದ್ಕೆ ಹತ್ತುವತಿಗೆ ನಾನ್ ಎಡ್ಗಾಲ್ ಇಟ್ಟಿದೆ. ಮೊದ್ಲಿನದಕ್ಕೆ ಬಲ್ಗಾಲ್. ಅದೇ ಸೈ."

ಕುಷ್ಟ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಡ್ತಿ ಕಾಲ್ ಕಂಡ್ ದೋಣಿ ತಕಂಬುದಾ ಶೀನ?"

"ನೆಗಾಡಿ ಕುಷ್ಟಣ್ಣ. ಕಡ್ಲಿಗೆ ಹೋಪುದ್ ನನ್ನ್ ಗಂಡ."

ಶೀನ ಅವಳ ಮುಖವನ್ನೊಮ್ಮೆ, ಕಾಲನ್ನೊಮ್ಮೆ ನೋಡಿದ. "ಎಂತ ಮಾಡುದ್ ಶೈಲೇಶ, ಮನೆಯಗೆ ಇವ್ಳದ್ದೇ ಕಾರ್ಬಾರ್" ಎಂದು ಮೊದಲನೆಯದನ್ನೇ ಒಪ್ಪಿಕೊಂಡ.

ಕಡಲ ಬದಿಯಲ್ಲೇ ಮನೆ ಕಡೆ ಹೊರಟರು. ರತ್ನ ಎಂದಿನಂತೆ ಅವನ ಬಲಕ್ಕೆ ಬಂದಳು. ಈಗ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದಳು.

"ನೀನ್ ಎರಡ್ಕೂ ಬಲ್ಗಾಲೇ ಇಟ್ಟದ್ದ್," ಎಂದ ಶೀನ. "ಕಿವಿ ಹೋದ್ರೂ ಕಣ್ಣ್ ಸಮ ಇತ್ತ್ ಹೆಣೆ."

ರತ್ನಳಿಗೆ ಅಳುವೇ ಬಂತು.

"ಅಳುದ್ ಎಂತಕೆ ಮಾರಾಯ್ತಿ? ಆ ಎರಡ್ನೇದ್ರಗೆ ಎಂತ ಶಬ್ದ ಇತ್ತ್, ಹೇಳ್."

ಅವಳು ಅವನ ಅಂಗೈ ಹಿಡಿದು ಬೆರಳಿನಿಂದ ಬಡಿದು ತೋರಿಸಿದಳು. ಎರಡು ಬಡಿತ, ಸ್ವಲ್ಪ ಬಿಡುವು, ಮತ್ತೆ ಎರಡು. ಶೀನ ಕಣ್ಣು ಮುಚ್ಚಿ ನಿಂತ.

"ಬೇರಿಂಗ್ ಹೋಯಿತ್," ಎಂದ. ಆರು ತಿಂಗಳಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ರತ್ನ ಕಂಡಿರಲಿಲ್ಲ. "ನಾಳೆ ಆಚಿಮನಿ ಸುಜಿತ ಒಂದ್ ಹಳೇ ಇಂಜಿನ್ ಕಾಂಬುಕೆ ಕರ್ದಿದ. ನೀನೂ ಬಾ."