ತುಳಿದರೆ ಏಳುವ ಕ್ಯಾನು

“ಎತ್ತುವಾಗ ನರಳಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿಂಗೆ? ಒಳಗೆ ಮೀಟಿಂಗ್ ನಡೀತಿದೆ. ಇದೇನು ಹೆರಿಗೆ ಆಸ್ಪತ್ರೆ ಅಂದ್ಕೊಂಡ್ಯಾ, ಮುಂಡೆ?”

ಸೂಪರ್‌ವೈಸರ್ ಬೈದದ್ದು ಪಿಸುದನಿಯಲ್ಲಿ. ಬೈಗುಳ ಗಾಜಿನ ಬಾಗಿಲ ಆಚೆಗೆ ಕೇಳಿಸಬಾರದೆಂಬ ಎಚ್ಚರ ಅವನಿಗಿತ್ತು. ನೀರಮ್ಮ ಎದೆಗವಚಿಕೊಂಡಿದ್ದ ಇಪ್ಪತ್ತು ಲೀಟರಿನ ಕ್ಯಾನು ಆಗಿನ್ನೂ ಅರ್ಧ ದಾರಿಯಲ್ಲಿತ್ತು. ಇಳಿಸುವ ಹಾಗಿಲ್ಲ, ಬಾಯಿ ಬಿಟ್ಟು ಉತ್ತರ ಕೊಟ್ಟರೆ ಉಸಿರು ಕೈಕೊಡುತ್ತದೆ. ಮೊಣಕಾಲಿನಿಂದ ಒತ್ತು ಕೊಟ್ಟು ಭುಜದ ಮಟ್ಟಕ್ಕೆ ತಂದಳು. ಮಷಿನ್ನಿನ ಬಾಯಿಗೆ ತಲೆಕೆಳಗಾಗಿ ಬಗ್ಗಿಸಿದಳು. ಕ್ಯಾನಿನೊಳಗಿಂದ ಗುಳುಗುಳು ಗುಳ್ಳೆಗಳೆದ್ದವು. ಸೊಂಟದಲ್ಲಿ ಏನೋ ಚಳಕ್ಕೆಂದಿತು. ನರಳಲಿಲ್ಲ.

ಆ ಕಂಪನಿಯವರು ಮನೆಬಳಕೆಯ ಸಾಮಾನುಗಳ ವಿನ್ಯಾಸ ಮಾಡುತ್ತಿದ್ದರು. ಐದು ಮಹಡಿ, ಮಹಡಿಗೆ ಎರಡರಂತೆ ಹತ್ತು ನೀರಿನ ಮಷಿನ್ನು. ನೆಲ ಒರೆಸುವುದು, ಲೋಟ ತೊಳೆಯುವುದರ ಜೊತೆಗೆ ಆ ಹತ್ತಕ್ಕೂ ಕ್ಯಾನು ಹಾಕುವ ಕೆಲಸ ಅವಳದು. ಹಾಗಾಗಿಯೇ ಎಲ್ಲರ ಬಾಯಲ್ಲೂ ಅವಳು ನೀರಮ್ಮ. ಹತ್ತು ದಿನದ ಹಿಂದಿನವರೆಗೂ ಕ್ಯಾನಿನ ಇನ್ನೊಂದು ತುದಿಗೆ ಜೊತೆಕೆಲಸದ ದೊಡ್ಡಕ್ಕ ಇದ್ದಳು. ವಯಸ್ಸಿನಲ್ಲಿ ನಾಲ್ಕು ವರ್ಷ ಹೆಚ್ಚಿನವಳು, ಬಾಯಲ್ಲಿ ನಲವತ್ತು ವರ್ಷ. ನೀರಮ್ಮ ರಜೆ ಹಾಕಿದ್ದ ದಿನ ಒಬ್ಬಳೇ ಎತ್ತಲು ಹೋಗಿ ಕ್ಯಾನು ಜಾರಿ, ಎಡಗೈಯ ಮಣಿಕಟ್ಟಿನ ಮೇಲೆ ಕೂತುಬಿಟ್ಟಿತ್ತು.

“ಸಾರ್, ದೊಡ್ಡಕ್ಕನ ಕೈ ಕಟ್ಟು ಬಿಚ್ಚಿದ್ಮೇಲೆ ವಾಪಸ್ ತಗೋತೀರಲ್ವಾ?”

“ತಗೊಂಡು ಏನ್ ಮಾಡ್ಲಿ? ಒಂದೇ ಕೈಯವಳ ಹತ್ರ ಬಾವುಟ ಹಿಡಿಸ್ಲಾ?” ಎಂದು ಅವನು ಮೊಬೈಲು ನೋಡುತ್ತ ಹೊರಟುಹೋದ.

ಮೆಟ್ಟಿಲಿನ ಕೆಳಗಿನ ಸಂದಿಯಲ್ಲಿ ಅವರಿಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಅಲ್ಲಿ ಕೂತು ದೊಡ್ಡಕ್ಕ ಆಫೀಸಿನ ಒಬ್ಬೊಬ್ಬರ ನಡಿಗೆಯನ್ನೂ ಬೆರಳಲ್ಲೇ ಆಡಿ ತೋರಿಸುತ್ತಿದ್ದಳು. ಎರಡು ಬೆರಳು ಡಬ್ಬಿಯ ಮುಚ್ಚಳದ ಮೇಲೆ ಸೊಟ್ಟಸೊಟ್ಟಗೆ ನಡೆದರೆ ಅದು ಸೂಪರ್‌ವೈಸರ್. ಈಗ ಆ ಸಂದಿಯಲ್ಲಿ ನೀರಮ್ಮ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಒಂದು ಸಂಜೆ ಮನೆಯ ಬೀಗ ತೆಗೆಯುವಾಗ ಅವಳಿಗೆ ಹೊಳೆಯಿತು: ಬೆಳಗಿನಿಂದ ತಾನು ಆಡಿದ್ದು ಎರಡೇ ಮಾತು, ‘ಆಯ್ತು ಸಾರ್’ ಮತ್ತು ‘ಸ್ವಲ್ಪ ಕಾಲೆತ್ತಿ’. ಒಂದೇ ಕೋಣೆಯ ಮನೆ. ಗಂಡ ಸತ್ತು ಆರು ವರ್ಷವಾಗಿತ್ತು. ಮಗಳು ದೂರದಲ್ಲಿ, ಫೋನಿನಲ್ಲಿ ‘ಊಟ ಆಯ್ತಾ’ ಎಂಬಲ್ಲಿಗೆ ಇಬ್ಬರ ಮಾತೂ ಮುಗಿಯುತ್ತಿತ್ತು. ಆ ದಿನ ನೀರಮ್ಮ ತನ್ನ ದನಿ ಇನ್ನೂ ಇದೆಯೋ ಇಲ್ಲವೋ ನೋಡೋಣವೆಂದು ಒಲೆಯ ಮುಂದೆ ನಿಂತು ಜೋರಾಗಿ ಕೆಮ್ಮಿದಳು.

ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ಭಾನುವಾರ ದೊಡ್ಡಕ್ಕನನ್ನು ನೋಡಲು ಹೋದಳು. ಮಗನ ಮನೆಯ ಹೊಸ್ತಿಲ ಪಕ್ಕದಲ್ಲೇ ಚಾಪೆ. ಮೂಳೆ ಸೊಟ್ಟಗೆ ಕೂಡಿಕೊಂಡು ಬೆರಳು ಮಡಚಲು ಬರುತ್ತಿರಲಿಲ್ಲ.

“ಆ ನನ್ಮಗ ಏನಂದ?”

“ನೋಡೋಣ ಅಂದ ಅಕ್ಕ.”

“ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ. ಅವನ ಬಾಯಿಗೆ ಮಣ್ಣು ಬೀಳ.” ದೊಡ್ಡಕ್ಕ ನಕ್ಕಳು. ಆಮೇಲೆ ದನಿ ತಗ್ಗಿಸಿ, ಒಳಗಿದ್ದ ಸೊಸೆಗೆ ಕೇಳಿಸದಂತೆ ಹೇಳಿದಳು. “ಇಲ್ಲಿ ಕೂತು ತಿನ್ನೋ ಅನ್ನ ಗಂಟಲಲ್ಲಿ ಇಳಿಯಲ್ಲ ಕಣೇ. ಎತ್ತೋದೊಂದು ಬಿಟ್ರೆ ಎಲ್ಲಾ ಮಾಡ್ತೀನಿ. ಬಲಗೈ ಗಟ್ಟಿ ಇದೆ. ಎರಡು ಕಾಲಿದೆ, ಕಲ್ಲಿನ ಥರ.”

ಬಸ್ಸಿನಲ್ಲಿ ಹಿಂತಿರುಗುವಾಗ ನೀರಮ್ಮನ ತಲೆಯಲ್ಲಿ ಆ ಕಾಲುಗಳೇ ಕೂತವು. ಅವಳ ಗಂಡ ವೆಲ್ಡರ್ ಆಗಿದ್ದ. ಇಪ್ಪತ್ತು ವರ್ಷ ಅವನ ಶೆಡ್ಡಿನಲ್ಲಿ ಕಬ್ಬಿಣ ಹಿಡಿದು, ಅಳತೆ ಹೇಳಿ, ಅವನು ಜ್ವರದಿಂದ ಮಲಗಿದ ದಿನಗಳಲ್ಲಿ ತಾನೇ ರಾಡು ಹಿಡಿದು ಬೆಸುಗೆ ಹಾಕಿದವಳು ಅವಳು. ಭಾರವಾದ ಗೇಟುಗಳನ್ನು ಎತ್ತಿ ನಿಲ್ಲಿಸಲು ಅವನು ಮಾಡಿಕೊಂಡಿದ್ದ ಹಲ್ಲುಗಾಲಿ ನೆನಪಾಯಿತು. ಒಂದು ಸಲ ತುಳಿದರೆ ಒಂದು ಹಲ್ಲು ಮೇಲೇರಿ ಕಚ್ಚಿಕೊಳ್ಳುತ್ತಿತ್ತು. ಕಾಲು ತೆಗೆದರೂ ಇಳಿಯುತ್ತಿರಲಿಲ್ಲ.

ಗಂಡನ ಕೈಕೆಳಗೆ ಕೆಲಸ ಕಲಿತವನೊಬ್ಬ ಈಗ ಗ್ರಿಲ್ ಅಂಗಡಿ ಇಟ್ಟಿದ್ದ. ಅವಳನ್ನು ಅತ್ತಿಗೆ ಎನ್ನುತ್ತಿದ್ದ. “ವೆಲ್ಡಿಂಗ್ ಮಿಷನ್ ನಿಮ್ದೇ ಅಂದ್ಕೊಳ್ಳಿ ಅತ್ತಿಗೆ. ಕಬ್ಬಿಣ ಎಲ್ಲಿಂದ ತರ್ತೀರಾ?”

ನೀರಮ್ಮ ತನ್ನ ಮಂಚ ಬಿಚ್ಚಿದಳು. ಗಂಡನೇ ಮಾಡಿದ ಕಬ್ಬಿಣದ ಮಂಚ. ಮೂರು ಭಾನುವಾರ ಬೆಸುಗೆಯ ಕಿಡಿಗೆ ಮುಖವೊಡ್ಡಿ ಕೂತಳು. ಮಂಚದ ಕಾಲುಗಳೇ ಚೌಕಟ್ಟಾದವು, ಪಟ್ಟಿಗಳೇ ತೊಟ್ಟಿಲಾದವು. ಕ್ಯಾನನ್ನು ನೆಲದ ಮೇಲೆ ಉರುಳಿಸಿಕೊಂಡು ಬಂದು ತೊಟ್ಟಿಲಿಗೆ ತಳ್ಳುವುದು, ಸೈಕಲ್ ಟ್ಯೂಬಿನ ಪಟ್ಟಿಯನ್ನು ಅದರ ಕುತ್ತಿಗೆಗೆ ಸಿಕ್ಕಿಸುವುದು, ಆಮೇಲೆ ತುಳಿಯುವುದು. ತುಳಿದಾಗಲೆಲ್ಲ ನಾಲ್ಕು ಬೆರಳು ಮೇಲೆ. ತುದಿ ಮುಟ್ಟಿದ ಮೇಲೆ ಒಂದು ಕೈಯಿಂದ ತಳ್ಳಿದರೆ ತೊಟ್ಟಿಲು ಮಗುಚಿ ಕ್ಯಾನಿನ ಬಾಯಿ ಮಷಿನ್ನಿನೊಳಗೆ ಕೂರುತ್ತಿತ್ತು. ಎರಡು ಸಲ ಕ್ಯಾನು ಜಾರಿ ಬಿತ್ತು. ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದ ಮೇಲೆ ನಿಂತಿತು. ನೀರಮ್ಮ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹತ್ತು ಸಲ ಹಾಕಿ ತೆಗೆದು ನೋಡಿದಳು. ಹತ್ತೂ ಸಲ ಸರಿಯಾಯಿತು. ಆ ದಿನ ಅವಳು ನೆಲದ ಮೇಲೆ ಮಲಗಿ, ಬೆನ್ನು ಚುಚ್ಚುತ್ತಿದ್ದರೂ, ತನ್ನಷ್ಟಕ್ಕೆ ನಗುತ್ತ ನಿದ್ದೆ ಹೋದಳು.

ತಳ್ಳುಗಾಡಿಯಲ್ಲಿ ಹೇರಿಕೊಂಡು ಆಫೀಸಿನ ಹಿಂಬಾಗಿಲಿಗೆ ತಂದಾಗ ಸೂಪರ್‌ವೈಸರ್ ಅದಕ್ಕೆ ಬೂಟುಗಾಲಿನಿಂದ ಒಂದು ತಟ್ಟಿದ.

“ಯಾವನ ಗುಜರಿ ಹೊತ್ಕೊಂಡ್ ಬಂದೆ? ಆಫೀಸನ್ನ ನಿಮ್ಮಪ್ಪನ ಕೊಟ್ಟಿಗೆ ಮಾಡ್ತೀಯಾ?”

“ಒಂದ್ ಸಲ ನೋಡಿ ಸಾರ್. ಇದ್ರಲ್ಲಿ ಒಂದೇ ಕೈಯಲ್ಲಿ ಹಾಕ್ಬೋದು. ದೊಡ್ಡಕ್ಕನೂ ಹಾಕ್ಬೋದು.”

“ಅವಳ ಹೆಸರು ಇನ್ನೊಂದ್ಸಲ ಎತ್ತಿದ್ರೆ ನಿನ್ನನ್ನೂ ಅವಳ ಹಿಂದೇನೇ ಕಳಿಸ್ತೀನಿ. ಎತ್ತಾಚೆ.”

ಅಷ್ಟರಲ್ಲಿ ನಾಲ್ಕನೇ ಮಹಡಿಯ ವಿನ್ಯಾಸದ ಮೇಡಂ ಕಾರಿನಿಂದಿಳಿದು ಬಂದರು. ಅವರು ಯಾರಿಗೂ ಏಕವಚನ ಆಡಿದವರಲ್ಲ. ನಿಂತರು, ಬಗ್ಗಿದರು, ಆಮೇಲೆ ಬಿಳಿ ಪ್ಯಾಂಟನ್ನೂ ಲೆಕ್ಕಿಸದೆ ಮಂಡಿಯೂರಿ ಕೂತರು.

“ಇದನ್ನ ನೀವು ಮಾಡಿದ್ದಾ?”

ನೀರಮ್ಮ ಮಾಡಿ ತೋರಿಸಿದಳು. ಮೇಡಂ ಫೋಟೋ ತೆಗೆದರು, ವೀಡಿಯೋ ತೆಗೆದರು, ಟೇಪು ತರಿಸಿ ಅಳೆದರು. ಯಾಕೆ ಹೊಳೆಯಿತು, ಹೇಗೆ ಹೊಳೆಯಿತು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳನ್ನು ಒಂದು ಪೂರ್ತಿ ಪ್ರಶ್ನೆ ಕೇಳಿದವರು ಅವರೊಬ್ಬರೇ. ನೀರಮ್ಮ ಎಲ್ಲವನ್ನೂ ಹೇಳಿದಳು. ಮಂಚದ್ದು, ಗಂಡನದು, ಮಣಿಕಟ್ಟಿನದು. ಮೇಡಂ ಅದನ್ನೂ ಬರೆದುಕೊಂಡರು.

“ದೊಡ್ಡಕ್ಕನ್ನ ಕರೆಸ್ತೀರಾ ಮೇಡಂ?”

“ನೋಡೋಣ ಅಮ್ಮ. ಮೊದಲು ಇದನ್ನ ಸ್ವಲ್ಪ ಸ್ಟಡಿ ಮಾಡ್ತೀವಿ.”

ಯಂತ್ರ ಲಿಫ್ಟಿನಲ್ಲಿ ಮೇಲೆ ಹೋಯಿತು. ಕ್ಯಾನುಗಳು ಎಂದಿನಂತೆ ಅವಳ ಎದೆಯ ಮೇಲೇ ಏರಿದವು.

ಒಂದು ದಿನ ನಾಲ್ಕನೇ ಮಹಡಿ ಒರೆಸುವಾಗ ನೋಡಿದಳು. ಉದ್ದನೆಯ ಮೇಜಿನ ಮೇಲೆ ಅವಳ ಮಂಚದ ಕಾಲುಗಳನ್ನು ಬಿಡಿಬಿಡಿಯಾಗಿ ಮಲಗಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದರು. ಗೋಡೆಯ ಮೇಲೆ ಕ್ಯಾನು ಎತ್ತುತ್ತಿರುವ ಹೆಂಗಸಿನ ಚಿತ್ರ. ಬೆನ್ನಿನ ಮೂಳೆಗಳನ್ನು ಒಂದೂ ಬಿಡದೆ ಬರೆದಿದ್ದರು. ಮುಖದ ಜಾಗದಲ್ಲಿ ಬರೀ ಒಂದು ಸೊನ್ನೆ. ಯಾರೋ “ಸ್ವಲ್ಪ ಬೇಗ” ಎಂದರು. ನೀರಮ್ಮ ಮೇಜಿನ ಕೆಳಗೆ ಒರೆಸಿ ಹೊರಬಂದಳು.

ಏಳು ತಿಂಗಳ ಮೇಲೆ ಕ್ಯಾನು ಎತ್ತುವ ಹೊಸ ಮಷಿನ್ನು ತಯಾರಾಯಿತು. ಬೆಳ್ಳಗೆ, ನುಣ್ಣಗೆ, ಒಂದು ಮೊಳೆಯೂ ಕಾಣದಂತೆ. ಕೆಳಗೆ ತುಳಿಯುವ ಪಟ್ಟಿ, ನಡುವೆ ತೊಟ್ಟಿಲು. ಮೊದಲ ಪರೀಕ್ಷೆಗೆ ಅವಳನ್ನೇ ಕರೆದರು. ತುಳಿದಳು. ಕೂಸಿನಷ್ಟು ಹಗುರವಾಗಿ ಕ್ಯಾನು ಮೇಲೇರಿತು. ಆದರೆ ಮಗುಚುವ ಹೊತ್ತಿಗೆ ತೊಟ್ಟಿಲೊಳಗೆ ಅದು ಸರಕ್ಕೆಂದು ಅರ್ಧ ಗೇಣು ಸರಿದದ್ದು ಅವಳ ಅಂಗೈಗೆ ಗೊತ್ತಾಯಿತು.

“ಮೇಡಂ, ಪಟ್ಟಿ ಇಲ್ಲ ಇದ್ರಲ್ಲಿ. ಜಾರುತ್ತೆ.”

“ಆ ರಬ್ಬರ್ ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಮ್ಮ. ಒಳಗೇ ಹಿಡಿತ ಕೊಟ್ಟಿದೀವಿ.”

“ಒಣಗಿದ ಕ್ಯಾನಿಗೆ ಹಿಡಿಯುತ್ತೆ. ಕ್ಯಾನು ಬರೋದೇ ಒದ್ದೆ ಮೇಡಂ. ಬೆವರಿರುತ್ತೆ.”

ಮೇಡಂ ಮುಗುಳ್ನಕ್ಕು ಕಂಪ್ಯೂಟರಿನತ್ತ ತಿರುಗಿದರು. ಮರುದಿನವೂ ಹೇಳಿದಳು. ಮೂರನೆಯ ಸಲ ಹೇಳಲು ಹೋದಾಗ ಸೂಪರ್‌ವೈಸರ್ ಮೆಟ್ಟಿಲ ಬಳಿಯೇ ತಡೆದ.

“ಇಂಜಿನಿಯರ್‌ಗಳಿಗೆ ಪಾಠ ಹೇಳಕ್ ಹೋಗ್ತೀಯಾ? ಕಕ್ಕಸು ತೊಳಿ ಹೋಗು.”

“ಅದು ಬಿಡಿ ಸಾರ್. ಮಷಿನ್ ಬಂತಲ್ಲ. ಈಗ್ಲಾದ್ರೂ ದೊಡ್ಡಕ್ಕನ್ನ…”

ಅವನು ಈ ಸಲ ಬೈಯಲಿಲ್ಲ. ನಿಜವಾಗಿಯೂ ಅಚ್ಚರಿಪಟ್ಟವನಂತೆ ನೋಡಿದ. “ಈಗ ಇಬ್ರು ಯಾಕೆ ಬೇಕು? ನೀನೊಬ್ಳೇ ಸಾಕು ಅಂತ ಮೇಲಿಂದ ಬರೆದು ಕಳಿಸಿದಾರೆ. ಆ ಜಾಗಾನೇ ತೆಗೆದುಹಾಕಿದ್ರು. ಸುಲಭ ಮಾಡಿದ್ದು ನೀನೇ ತಾನೇ?”

ನೀರಮ್ಮ ಕಕ್ಕಸು ತೊಳೆದಳು. ಐದು ಮಹಡಿಯದನ್ನೂ ತೊಳೆದಳು. ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ದೊಡ್ಡಕ್ಕನಿಗೆ ಫೋನು ಮಾಡಿದಳು.

“ಏನೇ, ನಿನ್ನ ಮಿಷನ್ ಏನಾಯ್ತು?” ಆ ಕಡೆ ಮಗು ಅಳುತ್ತಿತ್ತು, ಪಾತ್ರೆ ಬೀಳುತ್ತಿತ್ತು.

“ಇನ್ನೂ ನೋಡ್ತಾ ಇದಾರೆ ಅಕ್ಕ.”

“ಸುಳ್ಳು ಹೇಳಕ್ಕೆ ಕಲ್ತ್ಬಿಟ್ಟೆ ಬಿಡು,” ಎಂದಳು ದೊಡ್ಡಕ್ಕ. “ನಾನು ಇಲ್ಲೇ ಆರಾಮಾಗಿದೀನಿ.” ಇಬ್ಬರೂ ಫೋನು ಇಡಲಿಲ್ಲ, ಮಾತೂ ಆಡಲಿಲ್ಲ. ಕೊನೆಗೆ ದುಡ್ಡು ಮುಗಿದು ಫೋನೇ ಕಟ್ಟಾಯಿತು. ಅವಳ ಬಸ್ಸು ಬಂದು, ನಿಂತು, ಹೋಗಿಬಿಟ್ಟಿತ್ತು.

ಮಷಿನ್ನನ್ನು ಹೊರಗಿನವರಿಗೆ ತೋರಿಸುವ ದಿನ ಕೆಳಗಿನ ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ನೀರಮ್ಮನಿಗೆ ಹೊಸ ನೀಲಿ ಸಮವಸ್ತ್ರ, ಇಸ್ತ್ರಿ ಮಾಡಿದ್ದು. ತಲೆ ಬಾಚಿಕೊಂಡು ಬಾ ಎಂದಿದ್ದರು. ಮಷಿನ್ನಿನ ಪಕ್ಕದಲ್ಲಿ ಒಂದು ಕ್ಯಾನು, ಅದರ ಪಕ್ಕದಲ್ಲಿ ಅವಳು. ಆಗತಾನೇ ಲಾರಿಯಿಂದಿಳಿದ ಕ್ಯಾನು, ಮೈಯೆಲ್ಲ ಹನಿ.

ಮೇಡಂ ಮೈಕು ಹಿಡಿದು ಮಾತಾಡಿದರು. ತಮ್ಮ ತಂಡ ದುಡಿಯುವ ಹೆಂಗಸರ ಬೆನ್ನುನೋವನ್ನು ಹತ್ತಿರದಿಂದ ಕಂಡದ್ದನ್ನೂ, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಈ ಉಪಾಯ ಕಂಡುಹಿಡಿದದ್ದನ್ನೂ ಹೇಳಿದರು. ಹೇಳುವಾಗ ಅವರ ದನಿ ಒಂದೆರಡು ಕಡೆ ಒದ್ದೆಯಾಯಿತು. ಜನ ಚಪ್ಪಾಳೆ ತಟ್ಟಿದರು. ನೀರಮ್ಮ ಆ ಮಾತಿನಲ್ಲಿ ಮಂಚ ಬರುತ್ತದೇನೋ ಎಂದು ಕಾದಳು, ಮಣಿಕಟ್ಟು ಬರುತ್ತದೇನೋ ಎಂದು ಕಾದಳು. ಮಾತು ಮುಗಿಯಿತು.

“ಈಗ ಇವರು ಹಾಕಿ ತೋರಿಸ್ತಾರೆ. ಬನ್ನಿ ಅಮ್ಮ.”

ನೀರಮ್ಮ ಅಲ್ಲಾಡಲಿಲ್ಲ.

“ಅಮ್ಮ, ಬನ್ನಿ.”

“ನಾನು ಹಾಕಲ್ಲ.”

ದನಿ ಸಣ್ಣದಾಗಿಯೇ ಬಂತು. ಆದರೂ ಹಾಲು ನಿಶ್ಶಬ್ದವಾಗಿದ್ದರಿಂದ ಕೊನೆಯ ಸಾಲಿನವರೆಗೂ ಹೋಯಿತು. ಸೂಪರ್‌ವೈಸರ್ ಗೋಡೆಯ ಬದಿಯಿಂದ ಹತ್ತಿರ ಸರಿದು, ನಗುಮುಖ ಬಿಡದೆ, ಹಲ್ಲಿನ ಸಂದಿಯಿಂದ ಹೇಳಿದ. “ಹಾಕೇ ಬೋಸುಡಿ. ಇಲ್ಲಾಂದ್ರೆ ನಾಳೆಯಿಂದ ಗೇಟು ದಾಟಕ್ಕೆ ಬಿಡಲ್ಲ.”

“ಮಾಡ್ದೋರು ಹಾಕ್ಲಿ,” ಎಂದಳು ನೀರಮ್ಮ. “ನಂಗೆ ಎರಡು ಕೈಯೂ ಬೇಕು.”

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೇಡಂ ಕೆಂಪಾದರು, ಮರುಕ್ಷಣವೇ ಸಾವರಿಸಿಕೊಂಡು ನಕ್ಕರು. “ಅವರಿಗೆ ನಾಚಿಕೆ. ಪರವಾಗಿಲ್ಲ, ನಾನೇ ಹಾಕ್ತೀನಿ. ನನಗೂ ಆಗುತ್ತೆ ಅಂದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ ಅಂತಾಯ್ತಲ್ಲ.” ಕ್ಯಾನನ್ನು ಉರುಳಿಸಿ ತೊಟ್ಟಿಲಿಗೆ ತಳ್ಳಿದರು. ತುಳಿದರು. ಕ್ಯಾನು ನಾಲ್ಕು ನಾಲ್ಕು ಬೆರಳು ಏರತೊಡಗಿತು. ಜನ ಫೋನು ಮೇಲೆತ್ತಿ ಹಿಡಿದರು. ತೊಟ್ಟಿಲು ತುದಿ ಮುಟ್ಟಿತು. ಮೇಡಂ ಅದರ ಬೆನ್ನಿಗೆ ಕೈಯಿಟ್ಟರು.

“ಮೇಡಂ, ಕಾಲು ಹಿಂದಕ್ಕಿಟ್ಕೊಳ್ಳಿ,” ಎಂದಳು ನೀರಮ್ಮ.

ಯಾಕೆಂದು ಕೇಳದೆಯೇ ಅವರು ಕಾಲು ಹಿಂದಕ್ಕಿಟ್ಟರು. ಕೈ ಮಾತ್ರ ಮುಂದಕ್ಕೆ ತಳ್ಳಿಬಿಟ್ಟಿತ್ತು. ಕ್ಯಾನು ಸರಕ್ಕನೆ ಜಾರಿ, ಅವರ ಕಾಲಿದ್ದ ಜಾಗದಲ್ಲೇ ಬಿದ್ದು, ಮುಚ್ಚಳ ಸಿಡಿದು, ಬುಳಬುಳನೆ ಸುರಿಯತೊಡಗಿತು. ಮುಂದಿನ ಸಾಲಿನವರು ಕುರ್ಚಿ ಬಿಟ್ಟೆದ್ದು ಗೋಡೆಯ ಕಡೆ ಸರಿದರು. ಯಾರಿಗೂ ಏಟಾಗಲಿಲ್ಲ. ಮೇಡಂ ಖಾಲಿ ತೊಟ್ಟಿಲನ್ನೇ ನೋಡುತ್ತ ನಿಂತಿದ್ದರು.

ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಹಾಲಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ನೀರಮ್ಮನ ಕಡೆ ತಿರುಗಿದರು. ಅವಳ ಕೈಗೆ ಒರೆಸುವ ಬಟ್ಟೆ ಯಾವಾಗ ಬರುತ್ತದೆಂದು ಕಾಯುವವರ ಹಾಗೆ.

“ನಿಂತ್ಕೊಂಡು ಏನ್ ನೋಡ್ತಿದೀಯಾ? ಬಟ್ಟೆ ತಗೊಂಬಾ ಹೋಗು,” ಸೂಪರ್‌ವೈಸರ್ ಈ ಸಲ ಪಿಸುಗುಡಲಿಲ್ಲ, ಅರಚಿದ.

ನೀರಮ್ಮ ಮುಂದಿನ ಸಾಲಿಗೆ ನಡೆದು ಒಂದು ಕುರ್ಚಿಯಲ್ಲಿ ಕೂತಳು. ಮೆತ್ತನೆಯ ಕುರ್ಚಿ, ಯಾರದೋ ಮೈಯ ಬಿಸಿ ಇನ್ನೂ ಆರಿರಲಿಲ್ಲ. ಎಡಕ್ಕೆ ಖಾಲಿ, ಬಲಕ್ಕೆ ಖಾಲಿ, ಹಿಂದಿನ ಸಾಲುಗಳೂ ಒಂದೊಂದಾಗಿ ಖಾಲಿಯಾಗುತ್ತಿದ್ದವು. ಒರೆಸುವ ಬಟ್ಟೆ ಎಲ್ಲಿರುತ್ತದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಒಬ್ಬರನ್ನು ಕೇಳುತ್ತಿದ್ದರು. ನೀರು ನುಣುಪಾದ ನೆಲದ ಮೇಲೆ ಸದ್ದಿಲ್ಲದೆ ಹರಡಿ ಅವಳ ಚಪ್ಪಲಿಯ ತುದಿಯವರೆಗೆ ಬಂತು. ಅವಳು ಎರಡೂ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಳು.