ಎರಡು ಪ್ರತಿಯ ಶಿವರಾಯರು

ಯಾರು ಏನೇ ಕೇಳಲಿ, ಶಿವರಾಯರು ಬಾಯಿ ತೆರೆಯುವ ಮೊದಲು ಕೋಟಿನ ಜೇಬಿನಿಂದ ಕಾರ್ಬನ್ ಕಾಗದ ತೆಗೆಯುತ್ತಿದ್ದರು. ಪೈಠಣದ ಬಸ್ಸು ಎಷ್ಟು ಗಂಟೆಗೆಂದು ಕೇಳಿದವನಿಗೂ ಬರೆದೇ ಉತ್ತರ. ಒಂದು ಪ್ರತಿ ಅವನಿಗೆ, ಒಂದು ತಮ್ಮ ಕಡತಕ್ಕೆ. ಬಲಗೈಯ ಎರಡು ಬೆರಳು ಸದಾ ನೀಲಿ.

“ನಮ್ಮ ಲಗ್ನದ್ದೂ ಒಂದು ನಕಲು ಇಟ್ಟಾರ್ರಿ ಮಾಸ್ತರ್ರೆ,” ಎಂದು ಅವರ ಪತ್ನಿ ಈರಮ್ಮ ನನ್ನೆದುರೇ ಛೇಡಿಸುತ್ತಿದ್ದರು. “ಎಲ್ಲಿಟ್ಟಾರೋ, ಸಿಕ್ಕಿದ್ರ ಹರದ ಒಗೀತಿದ್ದೆ!”

ಭಾಲ್ಕಿ ಕಡೆಯವರಾದ ಶಿವರಾಯರು ಔರಂಗಾಬಾದಿನಲ್ಲಿ ನನ್ನ ನೆರೆಯವರು. ಅರವತ್ತೆಂಟನೆಯ ಇಸವಿಯಲ್ಲಿ ಅವರ ಕಚೇರಿಯೂ ನಾಸಿಕದ ಒಂದು ಕಚೇರಿಯೂ ಕೂಡಿ ಮಗ್ಗಗಳ ಗಣತಿ ಕೈಗೊಂಡಿದ್ದವು. ಮಗ್ಗಕ್ಕೊಂದು ಗಟ್ಟಿ ಕಾರ್ಡು, ಕಾರ್ಡಿನಲ್ಲಿ ಗೊತ್ತಾದ ಸ್ಥಾನಗಳಲ್ಲಿ ತೂತು. ತೂತುಗಳನ್ನು ಓದಿ ಯಂತ್ರವು ಮೊತ್ತ ಹೇಳುತ್ತಿತ್ತು. ಯಾವ ತೂತಿಗೆ ಯಾವ ಅರ್ಥವೆಂದು ನಿರ್ಣಯಿಸುವ ಹೊಣೆ ಶಿವರಾಯರದು. ನಿರ್ಣಯಗಳ ಪ್ರತಿಯನ್ನು ಅವರು ವಾರವಾರವೂ ನಾಸಿಕಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು.

ಅಲ್ಲಿಯ ಅವರ ಜೊತೆಗಾರ ಸುಧಾಕರ, ಉಡುಪಿ ಕಡೆಯ ಹೋಟೆಲಿನವರ ಮಗ, ಒಮ್ಮೆ ಕೇಳಿದ್ದ: “ಎಂತ ಮಾರಾಯ್ರೆ, ಗುಟ್ಟೆಲ್ಲ ನಮಗೆ ಕೊಟ್ರೆ ನಿಮಗೆ ಎಂತ ಉಳೀತದೆ?”

“ನನ್ನ ತಲ್ಯಾಗಿದ್ದದ್ದು ನನ್ನ ಕೂಡ ಮಣ್ಣಿಗ್ಯಾಕ ಹೋಗಬೇಕ್ರಿ? ನಾಸಿಕದಾಗೂ ಇರ್ಲಿ.”

ಆ ಬೇಸಿಗೆ ಮಾಲೇಗಾಂವದ ಮೊತ್ತ ತಪ್ಪಿತು. ಬಳಕೆಯಲ್ಲಿದ್ದ ನೂರಾರು ಮಗ್ಗಗಳು ನಿಂತವೆಂದು ಎಣಿಕೆಯಾಗಿದ್ದವು. ಆ ಕಾರ್ಡುಗಳಿಗೆ ತೂತು ಹಾಕಿದವಳು ನಾಸಿಕದ ಕುಸುಮಾವತಿ, ತಾತ್ಕಾಲಿಕ ನೌಕರಳು. ಅವಳನ್ನು ತೆಗೆದುಹಾಕುವುದೆಂದು ಅಲ್ಲಿಯ ಅಧಿಕಾರಿ ನಿಶ್ಚಯಿಸಿದ್ದರು. ವಿಚಾರಣೆಗೆಂದು ನಾಸಿಕಕ್ಕೆ ಹೊರಟ ಶಿವರಾಯರ ಜೊತೆಗೆ, ಶಾಲೆಗೆ ರಜೆಯಿದ್ದುದರಿಂದ, ನಾನೂ ಹೋದೆ. ಬಸ್ಸು ಯೇವಲಾ ದಾಟುವಾಗ ಕಡತ ತಿರುವುತ್ತಿದ್ದವರು ಒಂದು ಹಾಳೆಯಲ್ಲಿ ನಿಂತುಬಿಟ್ಟರು. ದುರಸ್ತಿಯಲ್ಲಿರುವ ಮಗ್ಗವನ್ನು ‘ನಿಂತದ್ದು’ ಎನ್ನಬಾರದೆಂಬ ನಿರ್ಣಯ ಅದರಲ್ಲಿತ್ತು. ಹಾಳೆಯ ಬೆನ್ನಿಗೆ ಅದೇ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿದ್ದವು. ಬರೆಯುವಾಗ ಕಾರ್ಬನ್ನು ಮಗುಚಿ ಬಿದ್ದು, ಕೆಳಗಿನ ಪ್ರತಿಗೆ ಏನೂ ಇಳಿದಿರಲಿಲ್ಲ. ನೋಡದೆ ಮಡಿಸಿ ಕಳಿಸಿದ್ದು ಖಾಲಿ ಹಾಳೆ. ನಾಸಿಕದವರು ‘ಈ ವಾರ ಹೊಸದೇನಿಲ್ಲ’ ಎಂದುಕೊಂಡಿದ್ದರು; ಕುಸುಮಾವತಿ ದುರಸ್ತಿಯ ಮಗ್ಗಗಳಿಗೂ ‘ನಿಂತದ್ದು’ ಎಂಬ ತೂತನ್ನೇ ಹಾಕಿದ್ದಳು.

ನಾಸಿಕದ ಕಚೇರಿಯ ಹೊರಗೆ ಕುಸುಮಾವತಿ ಬೆಂಚಿನ ಮೇಲೆ ಕುಳಿತಿದ್ದಳು. ಹಾಳೆ ನೋಡಿದ ಸುಧಾಕರ ಬಾಗಿಲಲ್ಲೇ ಪಿಸುಗುಟ್ಟಿದ: “ಸುಮ್ನಿರಿ ಮಾರಾಯ್ರೆ. ಮುಂದಿನ ತಿಂಗಳು ನಿಮ್ಮನ್ನೇ ಗಣತಿಯ ಮುಖ್ಯಸ್ಥರು ಮಾಡ್ತಾರಂತೆ. ಈಗ ಹೇಳಿದ್ರೆ ಅದೂ ಹೋಯ್ತು.”

“ಆ ಹುಡುಗಿ ಮಾರಿ ನೋಡೀರೇನ್ರಿ?” ಎಂದವರೇ ಒಳಗೆ ನಡೆದು, ಅಧಿಕಾರಿಯ ಮೇಜಿನ ಮೇಲೆ ಆ ಹಾಳೆಯನ್ನು ಬೋರಲು ಹಾಕಿ, “ಚೂಕ್ ಮಾಝೀ ಆಹೆ, ಸಾಹೇಬ್,” ತಪ್ಪು ನನ್ನದು, ಎಂದರು.

ಕುಸುಮಾವತಿ ಉಳಿದಳು. ಮುಖ್ಯಸ್ಥನ ಹುದ್ದೆ ಸುಧಾಕರನ ಪಾಲಾಯಿತು. ಶಿವರಾಯರು ತಮ್ಮ ಹಳೆಯ ಕುರ್ಚಿಯಿಂದಲೇ ನಿವೃತ್ತರಾದರು.

ತಿಳಿವಳಿಕೆಯನ್ನು ಧಾರಾಳವಾಗಿ ಹಂಚುವವರನ್ನು ನಾನು ಅಧ್ಯಾಪಕ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅದರಲ್ಲಿ ಒಂದಿಷ್ಟು ಕೀರ್ತಿಯೂ ಉಂಟು. ಹಲವರು ಕೂಡಿ ಮಾಡುವ ಕೆಲಸದಲ್ಲಿ ತಪ್ಪು ಮಾತ್ರ ನೀರಿನಂತೆ, ಎಲ್ಲರಿಗಿಂತ ತಗ್ಗಿನಲ್ಲಿ ಕುಳಿತವರ ಕಡೆಗೇ ಹರಿಯುತ್ತದೆ. ಅದಕ್ಕೆ ಅಡ್ಡ ನಿಂತು ತನ್ನ ಕಡೆಗೆ ತಿರುಗಿಸಿಕೊಳ್ಳುವವರು ವಿರಳ. ಅವರಿಗೆ ಬಡ್ತಿ ಸಿಗುವುದಿಲ್ಲವೆಂಬುದೂ ನಿಜವೇ.